ಸರಕುಸ್ತದ ಅಲ್ ಜಾಫರಿಯ್ಯ

ಉರ್ದುವಿನಲ್ಲಿ ಓದಿ ನಾವು ಅರಿತ ಅಂದಲುಸ್ ಎಂದರೆ ಕುರ್ತುಬದ ಮಸೀದಿ ಮತ್ತು ಗರ್ನಾತದ ಅಲ್ ಹಂಬ್ರ. ಒಂದನ್ನು ಇಕ್ಬಾಲರ ಕವಿತೆ ಕಣ್ಣ ಮುಂದೆ ನಿಲ್ಲಿಸಿತು, ಇನ್ನೊಂದಕ್ಕಾಗಿ ನಸೀಮ್ ಹಿಜಾಝಿಯವರ ಕಾದಂಬರಿಗಳು ಅಳಿಸಿದವು. ಉತ್ತರದಲ್ಲಿ, ಎಬ್ರೊ ನದಿಯ ದಂಡೆಯಲ್ಲಿರುವ ಸರಕುಸ್ತ, ಅಂದರೆ ಇಂದಿನ ಸರಗೋಸ, ನಮ್ಮ ಓದಿಗೆ ಸಿಕ್ಕಿದ್ದೇ ಕಡಿಮೆ. ಅಲ್ಲಿ ಅಲ್ ಹಂಬ್ರಕ್ಕಿಂತ ಸುಮಾರು ಎರಡು ಶತಮಾನ ಹಳೆಯದಾದ ಒಂದು ಕೋಟೆಯಿದೆ.

1031ರಲ್ಲಿ ಕುರ್ತುಬದ ಖಿಲಾಫತ್ ಮುರಿದುಬಿದ್ದ ಮೇಲೆ ತಲೆಯೆತ್ತಿದ ಸಣ್ಣ ಸಣ್ಣ ಅರಸರನ್ನು ಬೈಯುವುದು ನಮ್ಮಲ್ಲಿ ರೂಢಿ. ಕಾರಣವಿಲ್ಲದೆ ಅಲ್ಲ. ಸರಕುಸ್ತದ ಬನೂ ಹೂದ್ ಮನೆತನದ ಅಬೂ ಜಾಫರ್ ಅಲ್ ಮುಕ್ತದಿರ್ ಒಡಹುಟ್ಟಿದವನ ಜೊತೆಗೇ ವರ್ಷಗಟ್ಟಲೆ ಕಾದಾಡಿದ, ಕ್ರೈಸ್ತ ದೊರೆಗಳಿಗೆ ಕಪ್ಪ ಒಪ್ಪಿಸಿದ. ಈ ಅರಮನೆ ಕಟ್ಟಿಸಿದವನೂ ಅವನೇ. ಅವನ ಹೆಸರಿನಿಂದಲೇ ಅದು ಅಲ್ ಜಾಫರಿಯ್ಯ. ಹೊರಗೆ ದಪ್ಪನೆಯ ದುಂಡು ಬುರುಜುಗಳು. ಒಳಗೆ ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳು, ಎಂಟು ಮೂಲೆಯ ಪುಟ್ಟ ಮಸೀದಿ.

ಮಗ ಯೂಸುಫ್ ಅಲ್ ಮುತಮನ್ 1085ರಲ್ಲಿ ತೀರಿಕೊಂಡ. ಆಳಿದ್ದು ನಾಲ್ಕೇ ವರ್ಷ. ಆದರೆ ಅವನು ಬರೆದ ‘ಕಿತಾಬುಲ್ ಇಸ್ತಿಕ್ಮಾಲ್’ ದೊಡ್ಡ ಗಣಿತ ಗ್ರಂಥ. 1678ರಲ್ಲಿ ಇಟಲಿಯ ಚೇವ ಪ್ರಕಟಿಸಿದ, ಈಗಲೂ ಅವನ ಹೆಸರಿನಲ್ಲೇ ಇರುವ ತ್ರಿಕೋನದ ಪ್ರಮೇಯವನ್ನು ಈ ಅರಸ ಆರು ಶತಮಾನ ಮೊದಲೇ ಸಾಧಿಸಿದ್ದ. ಕರ್ತೃವಿನ ಹೆಸರಿಲ್ಲದೆ ಯುರೋಪಿನ ಗ್ರಂಥಾಲಯಗಳಲ್ಲಿ ಬಿದ್ದಿದ್ದ ಹಸ್ತಪ್ರತಿಗಳು ಇವನವೆಂದು ಗುರುತಾದದ್ದು 1980ರ ದಶಕದಲ್ಲಿ. ಅಂದಲುಸ್‌ಗಾಗಿ ಅಳುವುದರಲ್ಲಿ ನಾವು ಮುಂದು; ಅದರ ಪುಸ್ತಕ ಹುಡುಕುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟೆವು.

ಇದೇ ಅರಸನ ಸೇನೆಯಲ್ಲಿ ಸಂಬಳಕ್ಕೆ ಕಾದಿದವನು ಸ್ಪೇನಿನ ವೀರಪುರುಷ ಎಲ್ ಸಿದ್. ಕ್ರೈಸ್ತ ದೊರೆ ಗಡೀಪಾರು ಮಾಡಿದಾಗ ಅನ್ನ ಕೊಟ್ಟದ್ದು ಸರಕುಸ್ತ. ಸಿದ್ ಎಂಬ ಬಿರುದೂ ಅರಬಿ ಭಾಷೆಯ ‘ಸಯ್ಯಿದ್’ನಿಂದ ಬಂದದ್ದೇ.

1118ರಲ್ಲಿ ಅರಗಾನಿನ ಅಲ್ಫೊನ್ಸೊ ಊರನ್ನು ಗೆದ್ದ. ಮುಸ್ಲಿಮರು ಅಲ್ಲೇ ಉಳಿದರು, ಅವರ ಮೇಸ್ತ್ರಿಗಳು ಹೊಸ ದೊರೆಗಳಿಗೂ ಕಟ್ಟಿದರು. ಫರ್ಡಿನಾಂಡ್ ಮತ್ತು ಇಸಬೆಲ್ಲ ಗರ್ನಾತವನ್ನು ಕಿತ್ತುಕೊಂಡ 1492ರಲ್ಲೇ ಅವರ ಹೊಸ ಅರಮನೆ ಈ ಕೋಟೆಯೊಳಗೆ ಸಿದ್ಧವಾಗುತ್ತಿತ್ತು. ಆ ಕೆಲಸದ ಮೇಲ್ವಿಚಾರಣೆ ಫರಾಜ್ ದೆ ಗಾಲಿ ಎಂಬ ಮುಸ್ಲಿಂ ಮೇಸ್ತ್ರಿಯದು. ಅಷ್ಟರಲ್ಲಾಗಲೇ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಮಂಡಳಿ ಅದೇ ಗೋಡೆಗಳ ನಡುವೆ ಬೀಡುಬಿಟ್ಟಿತ್ತು. 1526ರಲ್ಲಿ ಅರಗಾನಿನ ಮುಸ್ಲಿಮರಿಗೆ ಬಲವಂತದ ಮತಾಂತರ, 1610ರಲ್ಲಿ ಆ ಮತಾಂತರಿತರ ಮಕ್ಕಳು ಮೊಮ್ಮಕ್ಕಳಿಗೂ ಗಡೀಪಾರು.

ಆಮೇಲೆ ಸೈನಿಕರ ಬಿಡಾರವಾಗಿ ಹಾಳುಬಿದ್ದ ಕೋಟೆಯನ್ನು 1947ರಿಂದ ದುರಸ್ತಿ ಮಾಡತೊಡಗಿದರು. 1987ರಿಂದ ಅರಗಾನಿನ ಶಾಸನಸಭೆ ಅಲ್ಲಿ ಸೇರುತ್ತಿದೆ. ಅರಮನೆಗಿಂತಲೂ ಹಳೆಯದಾದ ಚೌಕ ಗೋಪುರಕ್ಕೆ 1836ರ ಒಂದು ನಾಟಕದ ಪ್ರೇಮಿ ಗಾಯಕನ ನೆನಪಿನಲ್ಲಿ ‘ತ್ರೊವದೋರ್’ ಎಂದು ಹೆಸರು. ಆ ಗಾಯಕ ಬರೀ ಕಲ್ಪನೆ. ಇನ್‌ಕ್ವಿಸಿಷನ್ನಿನ ಸೆರೆಮನೆಯಾಗಿದ್ದದ್ದೂ ಇದೇ ಗೋಪುರ; ಕೈದಿಗಳು ಗೋಡೆಯ ಮೇಲೆ ಗೀಚಿದ ಗೆರೆಗಳು ಇನ್ನೂ ಅಳಿಸಿಲ್ಲ.