ಬಾರ್ಡ್ ಕ್ಲಾಸಿಗೆ ತಂಬೂರಿಯವರ ರೂಲ್ಸು

ಪ್ರತಿ ಶನಿವಾರ ಸಂಜೆ ವೈಟ್‌ಫೀಲ್ಡಿನ ಒಂದು ಫ್ಲ್ಯಾಟಿನಲ್ಲಿ ನಾವು ಐದು ಜನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ಗೊತ್ತಿಲ್ಲದವರಿಗೆ ಎರಡೇ ಮಾತು. ಬೋರ್ಡು, ಸ್ಕ್ರೀನು ಯಾವುದೂ ಬೇಕಾಗಿಲ್ಲದ ಆಟ ಇದು. ಒಬ್ಬ ಕಥೆ ಹೇಳ್ತಾನೆ, ಅವನನ್ನ ಡಿಎಂ ಅಂತೀವಿ. ಮಿಕ್ಕವರು ಒಂದೊಂದು ಪಾತ್ರ ಹಿಡಿದು 'ನಾನು ಹೀಗೆ ಮಾಡ್ತೀನಿ' ಅಂತಾರೆ. ಆಗುತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ದಾಳ. ಕತ್ತಿ ಹಿಡಿಯೋನು ಫೈಟರ್, ಮಂತ್ರ ಓದಿಕೊಂಡೋನು ವಿಝರ್ಡ್, ಹಾಡಿನಿಂದಲೇ ಮಂತ್ರ ಹಾಕೋನು ಬಾರ್ಡ್.

ಹೊಸ ಕಥೆ ಶುರುವಾದಾಗ ನಾನು ಬಾರ್ಡ್ ತಗೊಂಡೆ. ಟೇಬಲ್ಲಿನಲ್ಲಿ ಎಲ್ಲರೂ ನಕ್ಕರು. ವೀಣೆ ಬಾರಿಸಿಕೊಂಡು ರಾಕ್ಷಸನ ಮುಂದೆ ನಿಲ್ಲೋನು ಅಂತ ಬಾರ್ಡಿಗೆ ಮೊದಲಿಂದಲೂ ಒಂಚೂರು ಗೇಲಿ ಇದ್ದದ್ದೇ. ಯಾಕೆ ಬಾರ್ಡು ಅಂತ ಪಟ್ನಾದ ಗೆಳೆಯ ಕೇಳಿದ. 'ನಮ್ಮ ತಾತ ಬಾರ್ಡ್ ಆಗಿದ್ರು' ಅಂದೆ. ಜೋಕು ಅಂದುಕೊಂಡು ಮತ್ತೆ ನಕ್ಕರು. ಜೋಕಲ್ಲ ಅಂತ ಹೇಳೋಕೆ ಈ ಲೇಖನ.

ಮೊದಲು ಆಟದ ಕಡೆಯ ಇತಿಹಾಸ ನೋಡೋಣ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನ ಅಮೆರಿಕದಲ್ಲಿ 1974ರಲ್ಲಿ ತಂದಾಗ ಅದರಲ್ಲಿ ಬಾರ್ಡ್ ಇರಲೇ ಇಲ್ಲ. 1976ರಲ್ಲಿ ಡಗ್ ಶ್ವೆಗ್‌ಮನ್ ಅನ್ನೋರು 'ದಿ ಸ್ಟ್ರಾಟೆಜಿಕ್ ರಿವ್ಯೂ' ಪತ್ರಿಕೆಗೆ ಅದರ ರೂಲ್ಸ್ ಬರೆದರು. ಉತ್ತರ ಯುರೋಪಿನ ಸ್ಕಾಲ್ಡ್, ಕೆಲ್ಟಿಕ್ ಬಾರ್ಡ್, ದಕ್ಷಿಣ ಯುರೋಪಿನ ಊರೂರು ತಿರುಗೋ ಹಾಡುಗಾರ, ಈ ಮೂರನ್ನೂ ಬೆರೆಸಿ ಮಾಡಿದ ಪಾತ್ರ ಅದು.

1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಬಂದಾಗ ರೂಲ್ಸ್ ವಿಚಿತ್ರವಾಗಿ ಕಷ್ಟವಾಯ್ತು. ಬಾರ್ಡನ್ನ ಪುಸ್ತಕದ ಕೊನೆಯ ಅನುಬಂಧಕ್ಕೆ ಹಾಕಿದರು. ನೇರವಾಗಿ ಬಾರ್ಡ್ ಆಗೋ ಹಾಗಿಲ್ಲ. ಮೊದಲು ಫೈಟರ್ ಆಗಿ ಕನಿಷ್ಠ 5ನೇ ಲೆವೆಲ್ ಮುಟ್ಟಬೇಕು. ಆಮೇಲೆ ಅದನ್ನ ಬಿಟ್ಟು ಕಳ್ಳನಾಗಿ ಮತ್ತೆ ಐದು ಲೆವೆಲ್ ಏರಬೇಕು. ಅದನ್ನೂ ಬಿಟ್ಟು ಡ್ರೂಯಿಡ್ ಗುರುಗಳ ಕೈಕೆಳಗೆ ಕಲಿಯಬೇಕು. ಅಲ್ಲಿಂದ ಬಾರ್ಡ್ ಶುರು. ಶಕ್ತಿ, ವಿವೇಕ, ಚುರುಕು, ವರ್ಚಸ್ಸು ನಾಲ್ಕೂ 15ಕ್ಕೆ ಕಡಿಮೆ ಇರಬಾರದು. ಮೂರು ದಾಳ ಎಸೆದು ಬರೋ ಗರಿಷ್ಠ ಅಂಕವೇ 18 ಅಂದ ಮೇಲೆ ನೀವೇ ಲೆಕ್ಕ ಹಾಕಿ, ಎಷ್ಟು ಜನಕ್ಕೆ ಆ ಯೋಗ ಇತ್ತು ಅಂತ.

ಅದೇ 1978ರಲ್ಲಿ ನಮ್ಮ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆಯ 332 ಎಕರೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕ್ತಿದ್ದರು. ಎರಡಕ್ಕೂ ಸಂಬಂಧ ಇಲ್ಲ ಬಿಡಿ. ಆದರೆ ನಮ್ಮಂಥೋರು ಎರಡರ ಸಂಬಂಧದಲ್ಲೇ ಬದುಕ್ತಿದೀವಲ್ಲ.

ಈ ಕಠಿಣ ರೂಲ್ಸಿನ ಹಿಂದೆ ಒಂದು ನಿಜವಾದ ಪರಂಪರೆ ಇದೆ. ಹ್ಯಾಂಡ್‌ಬುಕ್ಕಿನಲ್ಲಿ ಬಾರ್ಡ್ ಮೇಲೇರಿದ ಹಾಗೆ ಸೇರಬೇಕಾದ ಕಾಲೇಜುಗಳ ಪಟ್ಟಿ ಇದೆ: ಫೋಕ್ಲುಕನ್, ಮ್ಯಾಕ್ ಫರ್ಮಿ, ಡಾಸ್, ಕಡೆಗೆ ಒಲ್ಲಾವ್. ಗೈಗ್ಯಾಕ್ಸ್ ಕಲ್ಪನೆಯಿಂದ ಹುಟ್ಟಿದ ಹೆಸರುಗಳಲ್ಲ ಇವು. ಹಳೇ ಐರ್ಲೆಂಡಿನ ಕಾನೂನು ಗ್ರಂಥಗಳಲ್ಲಿ 'ಫಿಲಿ' ಅನ್ನೋ ಕವಿಗಳಿಗೆ ಏಳು ದರ್ಜೆ ಇದ್ದವು, ಹೆಸರುಗಳು ಅಲ್ಲಿಂದ ಬಂದವು. ಅಲ್ಲಿ ಕವಿಯ ನಿಂದೆಗೆ ರಾಜನ ಮುಖದ ಮೇಲೆ ಬೊಬ್ಬೆ ಏಳುತ್ತೆ ಅಂತ ನಂಬ್ತಿದ್ದರು. ಅನ್ಯಾಯವಾಗಿ ನಿಂದಿಸಿದ ಕವಿಗೂ ದಂಡ ಇತ್ತು. 2014ರ ಆವೃತ್ತಿಯ ಆಟದಲ್ಲಿ ಬಾರ್ಡು 'ವಿಷಸ್ ಮಾಕರಿ' ಅಂತ ಒಂದು ಬೈಗುಳ ಹಾಕಿದರೆ ಎದುರಾಳಿಗೆ ನಾಲ್ಕು ಮುಖದ ದಾಳದಷ್ಟು ಪೆಟ್ಟು ಬೀಳ್ತಿತ್ತು. ಆ ನಂಬಿಕೆಯ ಮೊಮ್ಮಗ ಅದು.

ಆಮೇಲಿನ ಇತಿಹಾಸ ರೂಲ್ಸು ಸಡಿಲಾಗುತ್ತಾ ಬಂದದ್ದು. 1989ರ ಎರಡನೇ ಆವೃತ್ತಿಯಲ್ಲಿ ಮೊದಲ ಲೆವೆಲ್ಲಿನಿಂದಲೇ ಬಾರ್ಡ್ ಆಗಬಹುದು ಅಂದರು. 2000ದ ಮೂರನೇ ಆವೃತ್ತಿಯಲ್ಲಿ ಯಾವ ಕುಲದವರಾದರೂ ಆಗಬಹುದು ಅಂದರು. 2014ರ ಐದನೇ ಆವೃತ್ತಿಯಲ್ಲಿ ವಿಝರ್ಡಿಗೆ ಸಮನಾಗಿ ಒಂಬತ್ತನೇ ಹಂತದ ಮಂತ್ರದವರೆಗೂ ಕೊಟ್ಟರು. ಆ ಆವೃತ್ತಿಯಲ್ಲಿ ಬಾರ್ಡಿನ ಮುಖ್ಯ ಶಕ್ತಿ 'ಬಾರ್ಡಿಕ್ ಇನ್‌ಸ್ಪಿರೇಶನ್'. 60 ಅಡಿಯೊಳಗೆ ನಿಮ್ಮ ದನಿ ಕೇಳಿಸೋ ಒಬ್ಬ ಜೊತೆಗಾರನಿಗೆ ಆರು ಮುಖದ ಒಂದು ದಾಳ ಕೊಡ್ತೀರಿ. ಹತ್ತು ನಿಮಿಷದೊಳಗೆ ಅವನು ಅದನ್ನ ಬಳಸಿಕೊಂಡು ತನ್ನ ಅಂಕಕ್ಕೆ ಕೂಡಿಸಿಕೊಳ್ಳಬಹುದು. ಎಷ್ಟು ಸಲ ಕೊಡಬಹುದು ಅನ್ನೋದು ನಿಮ್ಮ ವರ್ಚಸ್ಸಿನ ಮೇಲೆ. ಶಕ್ತಿ ಹಾಡೋನದ್ದು, ಕೊಡೋನು ಹಾಡೋನು, ಖರ್ಚಾದರೆ ಒಂದು ರಾತ್ರಿ ನಿದ್ದೆ ಮಾಡಿದರೆ ಮತ್ತೆ ಫುಲ್ ಚಾರ್ಜು, ನಮ್ಮ ಮೊಬೈಲ್ ಥರ.

ಇದನ್ನ ಓದುವಾಗಲೆಲ್ಲ ನನಗೆ ತಾತನ ನೆನಪು ಬರ್ತಿತ್ತು.

ನಮ್ಮದು ಮಳವಳ್ಳಿ ಕಡೆ. ತಾತ ನೀಲಗಾರರು. ಊರಲ್ಲಿ ಯಾರೂ ಹಾಗನ್ನಲ್ಲ, 'ತಂಬೂರಿಯವರು' ಅಂತಾರೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನ ರಾತ್ರಿಯಿಡೀ ಹಾಡೋರು. ಕೈಯಲ್ಲಿ ತಂಬೂರಿ, ಜೊತೆಯವರಿಗೆ ಡಕ್ಕೆ, ತಾಳ, ಗಗ್ಗರ. ಹಣೆಗೆ ಕಪ್ಪು ಧೂಳ್ತ, ಅಂದರೆ ಗದ್ದುಗೆಯ ಕಪ್ಪು ಬೂದಿ. ಇದನ್ನ ಜನಪದ ಮಹಾಕಾವ್ಯ ಅಂತ ಈಗ ಪಂಡಿತರು ಒಪ್ಪಿಕೊಂಡಿದ್ದಾರೆ. ಜೀ.ಶಂ. ಪರಮಶಿವಯ್ಯನವರಂಥೋರು ಸಂಗ್ರಹಿಸಿದರು, ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದರು, ಎಚ್.ಎಸ್. ಶಿವಪ್ರಕಾಶ್ ಇದರಿಂದ ನಾಟಕ ಬರೆದರು. ಕ್ಯಾಸೆಟ್ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರ ದನಿ ನಮ್ಮ ಕಡೆ ಕೇಳದ ಹೋಟೆಲ್ಲೇ ಇರಲಿಲ್ಲ.

ಇದರಲ್ಲೂ ರೂಲ್ಸಿವೆ. ದನಿ ಚೆನ್ನಾಗಿದೆ ಅಂತ ತಂಬೂರಿ ಎತ್ತಿಕೊಳ್ಳೋ ಹಾಗಿಲ್ಲ, ಗುರುವಿನಿಂದ ದೀಕ್ಷೆ ಆಗಬೇಕು. ಹರಕೆ ಹೊತ್ತು ಮಗನನ್ನ ಬಿಟ್ಟ ಮನೆಗಳೂ ಇವೆ. ಹಾಡೋರಲ್ಲಿ ದಲಿತರೇ ಹೆಚ್ಚು, ಆದರೆ ಬೇರೆ ಜಾತಿಯವರಿಗೂ ಬಾಗಿಲು ಮುಚ್ಚಿಲ್ಲ. 1978ರ ಅಮೆರಿಕದ ಬಾರ್ಡು ಮನುಷ್ಯನೋ ಅರ್ಧ ಎಲ್ಫೋ ಆಗಿರಲೇಬೇಕಿತ್ತು ಅನ್ನೋದನ್ನ ಇಲ್ಲಿ ನೆನಪಿಸಿಕೊಳ್ಳಿ. ಇನ್ನೊಂದು ರೂಲು ಭಿಕ್ಷೆ. ಜೋಳಿಗೆ ಹಿಡಿದು ಮನೆಮನೆಗೆ ಹೋಗಬೇಕು.

ಭಿಕ್ಷೆ ಯಾಕೆ ಅಂತ ಕಾವ್ಯವೇ ಹೇಳುತ್ತೆ. ಒಬ್ಬೊಬ್ಬರು ಹಾಡೋದು ಒಂದೊಂದು ಥರ, ನಮ್ಮ ಮನೇಲಿ ಕೇಳಿದ್ದನ್ನ ಹೇಳ್ತೀನಿ. ಸಿದ್ದಪ್ಪಾಜಿ ಮೊದಲು ಕೆಂಪಾಚಾರಿ, ಕಬ್ಬಿಣದ ಕೆಲಸದ ಪಾಂಚಾಳರ ಮನೆಯ ಹುಡುಗ. ಮಂಟೇಸ್ವಾಮಿ ಅವನನ್ನ ಶಿಶುಮಗನಾಗಿ ಬೇಡಿ ಪಡೆದರು. ಆಮೇಲೆ ಮಠಕ್ಕೆ ಕಬ್ಬಿಣ ಬೇಕಾಯ್ತು. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ತರೋಕೆ ಯಾರಿಗೂ ಧೈರ್ಯ ಇಲ್ಲ, ಸಿದ್ದಪ್ಪಾಜಿ ವೀಳ್ಯ ಎತ್ತಿಕೊಂಡ. ಹಲಗೂರಿನವರು ಸುಮ್ಮನೆ ಕೊಡಲಿಲ್ಲ. ವಿಷ ಕುಡಿ ಅಂದರು, ಕಾದ ಕಬ್ಬಿಣ ಹಿಡಿ ಅಂದರು. ಎಲ್ಲ ಗೆದ್ದು, ಕಬ್ಬಿಣ ತಂದು, ಕಡೆಗೆ ಚಿಕ್ಕಲ್ಲೂರಿನಲ್ಲಿ ನೆಲೆಯಾದ. ಇವತ್ತಿಗೂ ಬನದ ಹುಣ್ಣಿಮೆಗೆ ಅಲ್ಲಿ ಐದು ದಿನದ ಜಾತ್ರೆ, ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸ್ತಾರೆ.

ಹಲಗೂರು ಕಲ್ಪನೆಯ ಊರಲ್ಲ. ಬೆಂಗಳೂರಿಂದ ಕನಕಪುರದ ಮೇಲೆ ಮಳವಳ್ಳಿಗೆ ಹೋಗೋ ಬಸ್ಸು ಅಲ್ಲಿ ನಿಲ್ಲುತ್ತೆ. ಕಬ್ಬಿಣವೂ ಕಲ್ಪನೆಯಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಲವು ಕಡೆ ಕಬ್ಬಿಣ ಕರಗಿಸೋ ಕುಲುಮೆಗಳನ್ನ ನೋಡಿ ಬರೆದಿದ್ದಾನೆ. ನೇಗಿಲ ಗುಳವೂ ಕತ್ತಿಯೂ ಯಾರ ಕೈಲಿ ತಯಾರಾಗ್ತಿತ್ತೋ ಅವರ ಹತ್ತಿರ ಬಲ ಇತ್ತು. ಅಂಥವರ ಬಾಗಿಲಿಗೆ ಜೋಳಿಗೆ ಹಿಡಿದು ಹೋಗಿ ಗೆದ್ದ ಕಥೆಯನ್ನ, ಊರಾಚೆ ಕೇರಿಯ ಜನ ತಲೆತಲಾಂತರ ಹಾಡಿದರು.

ನಾನು ಮಾತ್ರ ಅದನ್ನ ಹೀಗೆ ನೋಡಿರಲಿಲ್ಲ. ಸ್ಕೂಲಲ್ಲಿ ಮೇಷ್ಟ್ರೊಬ್ಬರು ಹಾಜರಿ ಕೂಗುವಾಗ 'ಎಲ್ಲೋ ನಮ್ಮ ಭಿಕ್ಷದ ತಂಬೂರಿ' ಅಂತಿದ್ದರು, ಕ್ಲಾಸೆಲ್ಲ ನಗ್ತಿತ್ತು. ತಾತ ನಮ್ಮ ಬೀದೀಲಿ ಬಂದರೆ ನಾನು ಹಿತ್ತಿಲ ಕಡೆ ಓಡ್ತಿದ್ದೆ. ಅಪ್ಪ ಅಷ್ಟರಲ್ಲಿ ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೇತ್ ಓಡಿಸ್ತಿದ್ದರು, ತಿಂಗಳಿಗೊಮ್ಮೆ ಊರಿಗೆ ಬರೋರು. ಅಪ್ಪನಿಗೂ ನಾಚಿಕೆಯಾಗಿ ತಂಬೂರಿ ಬಿಟ್ಟು ಓಡಿಹೋದ್ರು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ನನ್ನ ನಾಚಿಕೆಗೆ ಅದೊಂದು ಸಮಾಧಾನ ಕೂಡ. ತಾತ ಹೋದಾಗ ನಾನು ಆರನೇ ಕ್ಲಾಸು. ತಂಬೂರಿ ಅಟ್ಟ ಸೇರಿತು.

ಈಗ ಆಟಕ್ಕೆ ಬರೋಣ. ಪುಸ್ತಕದ ಬಾರ್ಡ್ ಬೇಡ, ನಮ್ಮದೇ ಒಂದು ಮಾಡೋಣ ಅಂತ ಒಂದು ಭಾನುವಾರ ಕೂತು ರೂಲ್ಸ್ ಬರೆದೆ. ಒಂದು, ಗುರು ಒಪ್ಪದೆ ಮೊದಲ ಲೆವೆಲ್ ಇಲ್ಲ. ಎರಡು, ನಿದ್ದೆ ಮಾಡಿದರೆ ಶಕ್ತಿ ವಾಪಸ್ ಬರಲ್ಲ, ಆ ದಿನ ಯಾರಾದರೂ ಇಷ್ಟಪಟ್ಟು ಭಿಕ್ಷೆ ಹಾಕಿದರೆ ಮಾತ್ರ ಬರುತ್ತೆ. ಮೂರು, ಯಾರ ಹತ್ತಿರ ಏನು ಬೇಕಾದರೂ ಬೇಡಬಹುದು, ಯಾವುದನ್ನೂ ಕಿತ್ತುಕೊಳ್ಳೋ ಹಾಗಿಲ್ಲ. ಡಿಎಂ ನೋಡಿ, 'ಇದು ಬರೀ ಪೆನಾಲ್ಟಿಗಳ ಪಟ್ಟಿ. ಪವರ್ ಎಲ್ಲಿದೆ? ಯಾರು ತಗೋತಾರೆ ಇದನ್ನ?' ಅಂದ. ಅವನ ಪ್ರಶ್ನೆ ಸರಿಯಾಗೇ ಇತ್ತು. ನನಗೆ ಉತ್ತರ ಗೊತ್ತಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. ರಿಟೈರ್ ಆಗಿ ಈಗ ಊರಲ್ಲೇ ಇದ್ದಾರೆ. ಆಟದ ವಿಷಯ ವಿವರಿಸೋಕೆ ಹತ್ತು ನಿಮಿಷ ಬೇಕಾಯ್ತು. ಬೈತಾರೆ ಅಂದುಕೊಂಡಿದ್ದೆ.

'ಅಪ್ಪಾಜಿ ಹೆಸರು ತರ್ಬ್ಯಾಡ ಕಣ್ಲ ಆಟಕ್ಕೆ. ಕಂಡಾಯನೂ ಬ್ಯಾಡ. ಸುಮ್ಕೆ ತಂಬೂರಿಯವ್ನು ಅಂತ ಇಟ್ಕೊ' ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಅದ್ಸರಿ, ಸೊಲ್ಲು ಯಾರು ಕೊಡ್ತಾರೆ?' ಅಂತ ಕೇಳಿದರು.

ಸೊಲ್ಲು ಅಂದರೆ ಹಿಮ್ಮೇಳದವರು ತಿರುಗಿ ಹೇಳೋ ಸಾಲು. ಮುಂದೆ ಹಾಡೋನು ಒಂದು ಹೇಳಿದರೆ ಹಿಂದಿನವರು ಅದನ್ನ ಎತ್ತಿಕೊಳ್ಳಬೇಕು. ಆ ಬಿಡುವಿನಲ್ಲೇ ಅವನಿಗೆ ಉಸಿರು, ಮುಂದಿನ ಸಾಲಿನ ನೆನಪು, ಎಲ್ಲ.

'ನಾನು ಬಿಟ್ಟೋದೆ ಅಂತ ನೀನು ತಿಳ್ಕಂಡಿದ್ದೀಯೆ ಅಂತ ಗೊತ್ತು ಕಣಪ್ಪ' ಅಂದರು ಅಪ್ಪ. 'ನಿಮ್ ತಾತಂಗೆ ಸೊಲ್ಲು ಕೊಡೋರು ಮೂರು ಜನ ಇದ್ವಿ. ಒಬ್ಬ ಮೊದ್ಲು ಪೀಣ್ಯಕ್ಕೆ ಬಂದ. ಅವ್ನು ಹೇಳಿ ಇನ್ನೊಬ್ನ ಕರಕೊಂಡ. ಮಳೆ ಇಲ್ಲ, ಕೂಲಿ ಇಲ್ಲ, ನಾನೂ ಬಂದೆ. ನಿಮ್ ತಾತ ಒಂದೊರ್ಸ ಒಬ್ಬರೇ ಹಾಡಿದ್ರು. ಒಂಟಿ ಹಾಡು ನಡು ರಾತ್ರಿಗಂಟ ಬರಕಿಲ್ಲ ಕಣ್ಲ. ನಿಂತೋಯ್ತದೆ.'

1970ರ ದಶಕದಲ್ಲಿ ಶುರುವಾದ ಪೀಣ್ಯ ಕೈಗಾರಿಕಾ ಪ್ರದೇಶ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಅಂತ ನಾವೆಲ್ಲ ಹೆಮ್ಮೆಯಿಂದ ಓದಿಕೊಂಡಿದ್ದೀವಿ. ಅಲ್ಲಿಗೆ ಯಾರು ಬಂದರು ಅಂತ ಓದಿದ್ದೀವಿ. ಅವರು ಎದ್ದು ಬಂದ ಜಾಗದಲ್ಲಿ ಏನು ನಿಂತುಹೋಯ್ತು ಅಂತ ನಾನು ಯೋಚನೆ ಮಾಡಿರಲಿಲ್ಲ. ನಮ್ಮ ಮನೆಯ ಹಾಡು ನಾಚಿಕೆಯಿಂದ ಸತ್ತಿರಲಿಲ್ಲ. ಸೊಲ್ಲು ಕೊಡೋ ಮೂರು ಜನ ಕಬ್ಬಿಣದ ಕೆಲಸಕ್ಕೆ ಹೋಗಿದ್ದರಿಂದ ನಿಂತಿತ್ತು. ನಾಚಿಕೆ ನನ್ನದೊಬ್ಬನದೇ.

ಡಿಎಂ ಕೇಳಿದ್ದ ಪವರ್ ಎಲ್ಲಿದೆ ಅನ್ನೋದಕ್ಕೂ ಉತ್ತರ ಸಿಕ್ಕಿತ್ತು. ನಾಲ್ಕನೇ ರೂಲು ಬರೆದೆ: ತಂಬೂರಿಯವನು ಯಾರಿಗೂ ದಾಳ ಕೊಡಲ್ಲ. ಅವನು ಹಾಡಿದಾಗ ಟೇಬಲ್ಲಿನಲ್ಲಿ ಯಾರ್ಯಾರು ಬಾಯಿಬಿಟ್ಟು ಸೊಲ್ಲು ಹೇಳ್ತಾರೋ ಅವರೆಲ್ಲರಿಗೂ ಒಂದೊಂದು ದಾಳ. ಯಾರೂ ಹೇಳದಿದ್ದರೆ ಅವನ ಹತ್ತಿರ ಏನೂ ಇಲ್ಲ. ಡಿಎಂ ಎರಡು ಸಲ ಓದಿ, 'ಐದೂ ಜನ ಹೇಳಿದರೆ ಇದು ಪುಸ್ತಕದ ಬಾರ್ಡಿಗಿಂತ ಸ್ಟ್ರಾಂಗು' ಅಂತ ತಲೆ ಕೆರಕೊಂಡ. ಆದರೂ ಒಪ್ಪಿದ.

ಹೋದ ಶನಿವಾರ ಕಥೆಯಲ್ಲಿ ನಾವೊಂದು ಡ್ವಾರ್ಫ್‌ಗಳ ಕುಲುಮೆಯ ಊರಿಗೆ ಹೋದ್ವಿ. ನಮಗೆ ಕಬ್ಬಿಣ ಬೇಕಿತ್ತು, ಅವರು ಕೊಡಲ್ಲ. ಫೈಟರ್ ಕತ್ತಿ ಎಳೆದ. ನಾನು ತಡೆದು, ಬೇಡ್ತೀನಿ ಅಂದೆ. ನಾನೇ ಕಟ್ಟಿದ ಒಂದು ಸಾಲು ಹೇಳಿದೆ, ದನಿ ನಡುಗ್ತಿತ್ತು. ತಾತ ಹೋದ ಮೇಲೆ ನಮ್ಮ ಮನೇಲಿ ಯಾರೂ ಯಾರ ಮುಂದೆಯೂ ಹಾಡಿರಲಿಲ್ಲ. ಎರಡು ಕ್ಷಣ ಸೈಲೆಂಟು. ಆಮೇಲೆ ಕನ್ನಡದಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡಿ' ಬಿಟ್ಟು ಬೇರೇನೂ ಬಾರದ ಪಟ್ನಾದ ಗೆಳೆಯ ಟೇಬಲ್ ತಟ್ಟಿಕೊಂಡು ಆ ಸಾಲನ್ನ ತಿರುಗಿ ಹೇಳಿದ, ಅರ್ಧ ತಪ್ಪು. ಮಿಕ್ಕವರೂ ಸೇರಿಕೊಂಡರು. ಪಕ್ಕದ ಫ್ಲ್ಯಾಟಿನವರು ಬೆಲ್ ಮಾಡೋವರೆಗೂ ನಡೀತು.

ದಾಳ ಎಸೆದೆ. ನಾಲ್ಕು ಬಿತ್ತು. ಡ್ವಾರ್ಫ್‌ಗಳು ಕಬ್ಬಿಣ ಕೊಡಲಿಲ್ಲ, ಬದಲಿಗೆ ಒಂದು ಬಟ್ಟಲು ಮುಂದಿಟ್ಟರು. ವಿಷ. ಡಿಎಂಗೆ ನಾನು ಹಲಗೂರಿನ ಕಥೆ ಹೇಳಿದ್ದೇ ತಪ್ಪಾಯ್ತು.

ಅಲ್ಲಿಗೆ ಅವತ್ತಿನ ಆಟ ಮುಗೀತು. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಅಪ್ಪನ ಫೋನು. ಊಟ ಆಯ್ತಾ, ತಿಂಡಿ ಆಯ್ತಾ ಏನೂ ಇಲ್ಲ. 'ಕೊಟ್ರೇನ್ಲ ಕಬ್ಬಿಣವ?' ಅಂದರು. ಇಲ್ಲ, ವಿಷ ಕೊಟ್ಟವ್ರೆ ಅಂದೆ.

'ಕುಡಿ, ಏನೂ ಆಗಕಿಲ್ಲ' ಅಂದರು. 'ಆದ್ರೆ ಸೊಲ್ಲು ಕೊಡೋ ಹುಡುಗ್ರು ಜೊತೇಲಿರ್ಲಿ.'