ಹೊಗೆಯ ಜಾಡು

ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ನಮ್ಮ ತರ್ಕಶಾಸ್ತ್ರದ ಮೊದಲ ಪಾಠವಿದು. ಆದರೆ ಹೊಗೆ ಇಲ್ಲಿದ್ದು, ಬೆಂಕಿ ನೂರಾರು ಸಾವಿರಾರು ಮೈಲಿಗಳಾಚೆ ಇದ್ದರೆ? ತಾರ್ಕಿಕನೂ ತಬ್ಬಿಬ್ಬಾಗುವ ಈ ಪ್ರಶ್ನೆಯನ್ನು ಚರಿತ್ರೆ ಒಂದಕ್ಕಿಂತ ಹೆಚ್ಚು ಸಲ ಒಡ್ಡಿದೆ.

1780ನೆಯ ಇಸವಿ ಮೇ 19ರಂದು ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ನಡುಹಗಲಿಗೇ ಕತ್ತಲೆ ಕವಿಯಿತು. ಮನೆಮನೆಯಲ್ಲಿ ಮೇಣದ ಬತ್ತಿ ಹೊತ್ತಿಸಿದರು. ಕೋಳಿಗಳು ಗೂಡು ಸೇರಿದುವು. ಪ್ರಳಯ ಬಂದಿತೆಂದು ಜನ ಪ್ರಾರ್ಥನೆಗೆ ತೊಡಗಿದರು. ಕೆನಡದ ಆಂಟೇರಿಯೊ ಕಾಡಿನಲ್ಲಿ ಆ ವರ್ಷ ಕಿಚ್ಚು ಹಬ್ಬಿದ್ದಿತೆಂಬುದಕ್ಕೆ ಅಲ್ಲಿನ ಮರಗಳ ಸುಟ್ಟ ಗಾಯಗಳು ಸಾಕ್ಷಿ ನುಡಿದದ್ದು ಇನ್ನೂರು ವರ್ಷಗಳಿಗೂ ಮೇಲೆ.

1950ರ ಸೆಪ್ಟೆಂಬರ್ 24, ಭಾನುವಾರ, ಮತ್ತೆ ಅದೇ ಕಥೆ. ಆಂಟೇರಿಯೊದಲ್ಲಿಯೂ ಅಮೆರಿಕದ ಪೂರ್ವಭಾಗದಲ್ಲಿಯೂ ಹಗಲೇ ಇರುಳಾಯಿತು. ಈ ಸಲ ಜನ ಹೆದರಿದ್ದು ಪ್ರಳಯಕ್ಕಲ್ಲ, ಅಣುಬಾಂಬಿಗೆ. ಎರಡು ದಿನಗಳ ತರುವಾಯ ಸ್ಕಾಟ್ಲೆಂಡಿನವರು ನೀಲಿ ಸೂರ್ಯನನ್ನು ಕಂಡು ಬೆರಗಾದರು. ಹೆಚ್ಚುಕಡಿಮೆ ಒಂದೇ ಗಾತ್ರದ ಹೊಗೆಯ ಕಣಗಳು ಕೆಂಪು ಬೆಳಕನ್ನು ಚದರಿಸಿ ನೀಲಿಯನ್ನು ಬಿಟ್ಟುಕೊಟ್ಟಿದ್ದುವು.

ಅಮೆರಿಕದ ಹವಾ ಇಲಾಖೆಯ ವಿಜ್ಞಾನಿ ಹ್ಯಾರಿ ವೆಕ್ಸ್ಲರ್ ಈ ಮಹಾಧೂಮದ ವೃತ್ತಾಂತವನ್ನು ಬರೆದಿಟ್ಟರು. ಆಗ ಮೇಲಿನಿಂದ ನೋಡುವ ಕಣ್ಣಿರಲಿಲ್ಲ. ಊರೂರಿನ ವರದಿ, ಮೇಲ್ಗಾಳಿಯ ನಕ್ಷೆ, ಇವನ್ನು ಜೋಡಿಸಿಕೊಂಡು ಹೊಗೆಯ ಹೆಜ್ಜೆಗಳನ್ನು ಹಿಂದಕ್ಕೆ ಎಣಿಸಬೇಕಾಗಿತ್ತು. ಆ ಹೆಜ್ಜೆಗಳು ಮುಟ್ಟಿದ್ದು ಕೆನಡದ ಪಶ್ಚಿಮದ ಕಾಡುಗಳನ್ನು. ಅಲ್ಲಿ ಚಿಂಚಾಗದ ಕಿಚ್ಚು ಜೂನ್ ತಿಂಗಳಿನಿಂದಲೂ ಉರಿಯುತ್ತಿದ್ದಿತು. ಜನವಸತಿಯಿಂದ ದೂರವಿದ್ದುದರಿಂದ ಅದನ್ನು ಅದರ ಪಾಡಿಗೆ ಬಿಟ್ಟಿದ್ದರು! ಯಾರಿಗೂ ಸಂಬಂಧಿಸಿದ್ದಲ್ಲವೆಂದು ಬಿಟ್ಟ ಬೆಂಕಿ ಎರಡು ಖಂಡಗಳ ಆಕಾಶವನ್ನು ಕೆಡಿಸಿತು.

ಇದೇ ವೆಕ್ಸ್ಲರ್ 1954ರಲ್ಲಿ, ಕೃತಕ ಉಪಗ್ರಹವೊಂದೂ ಹಾರದಿದ್ದಾಗಲೇ, ಅಲ್ಲಿಂದ ಹವೆಯನ್ನು ನೋಡಿದರೆ ಏನೇನು ಕಂಡೀತೆಂದು ವಿವರಿಸಿದ್ದರು. 1960ರ ಏಪ್ರಿಲ್ 1ರಂದು ಟೈರೋಸ್ ಹಾರಿ ಮೋಡಗಳ ಚಿತ್ರ ಕಳುಹಿಸಿತು. 1970ರ ದಶಕದಲ್ಲಿ ಭೂಮಿಯೊಡನೆಯೇ ಸುತ್ತುತ್ತ ಒಂದೇ ನೆಲೆಯನ್ನು ನೋಡುವ ಹವಾ ಉಪಗ್ರಹಗಳು ಬಂದುವು. ಚಿತ್ರದ ಮೇಲೆ ಚಿತ್ರ ಪೇರಿಸಿದರೆ ಹೊಗೆಯ ನಡಿಗೆಯೇ ಕಾಣಿಸಿತು. 1999ರ ಕೊನೆಯಲ್ಲಿ ಹಾರಿದ ಟೆರಾ ಉಪಗ್ರಹವು ಹೊಗೆಯನ್ನು ಅದರ ಬಣ್ಣದಿಂದಲೂ, ಬೆಂಕಿಯನ್ನು ಅದರ ಶಾಖದಿಂದಲೂ ಗುರುತಿಸಿತು. 2019-20ರ ಆಸ್ಟ್ರೇಲಿಯದ ಕಾಡುಕಿಚ್ಚಿನ ಹೊಗೆ 30 ಕಿಲೋಮೀಟರಿಗೂ ಮೇಲೇರಿ ಭೂಗೋಳವನ್ನು ಸುತ್ತಿದ್ದನ್ನು ಉಪಗ್ರಹಗಳು ಬಿಡದೆ ಹಿಂಬಾಲಿಸಿದುವು.

ಈ ಕಣ್ಣಿಗೂ ಒಂದು ಕೊರತೆಯುಂಟು. ಮೇಲಿನಿಂದ ತೆಗೆದ ಚಿತ್ರದಲ್ಲಿ ಹೊಗೆ ಹರಡಿದ್ದು ಕಾಣುತ್ತದೆ. ಅದು ಮುಗಿಲಿನಲ್ಲಿದೆಯೋ ನಮ್ಮ ಮೂಗಿನ ಮಟ್ಟದಲ್ಲಿದೆಯೋ ಸುಲಭವಾಗಿ ತಿಳಿಯದು. ಅದಕ್ಕಾಗಿ 2006ರಿಂದ 2023ರವರೆಗೆ ಕ್ಯಾಲಿಪ್ಸೊ ಉಪಗ್ರಹವು ಲೇಸರ್ ಕಿರಣ ಬಿಟ್ಟು ಹೊಗೆಯ ಎತ್ತರವನ್ನು ಅಳೆಯಿತು. ಉಸಿರಾಡುವ ಗಾಳಿಯ ಲೆಕ್ಕ ಹೇಳಲು ನೆಲದ ಮೇಲಿನ ಉಪಕರಣವೂ ಬೇಕೇ ಬೇಕು.

2023ರ ಜೂನ್ 7ರಂದು ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅದು ಕೆನಡದ ಕಾಡಿನ ಹೊಗೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಪ್ರಳಯದ ಭಯ ತೊಲಗಿತು, ಕೆಮ್ಮು ತೊಲಗಲಿಲ್ಲ. ಜಾಡು ತೋರಿಸುವುದಷ್ಟೇ ಉಪಗ್ರಹದ ಕೆಲಸ. ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ದೂರದ ಬೆಂಕಿಯೂ ತಣ್ಣಗೆಂದು ತಿಳಿದವರಿಗೆ ಇಷ್ಟು ಚರಿತ್ರೆ ಸಾಕು.