ಇಂಬಳದ ನರಗಂಟು

ಆಷಾಢದ ಮಳೆಯಲ್ಲಿ, ಕೊಡಗಿನವರ ಮಾತಿನಲ್ಲಿ ಹೇಳುವುದಾದರೆ ಕಕ್ಕಡದಲ್ಲಿ, ಮಡಿಕೇರಿಯ ಸುತ್ತಿನ ತೋಟಗಳಲ್ಲಿ ಅಡ್ಡಾಡಿದವರಿಗೆ ಇಂಬಳದ ಪರಿಚಯ ಮಾಡಿಕೊಡಬೇಕಾದುದಿಲ್ಲ. ನಮ್ಮ ಸೋದರಮಾವನವರು ಏಲಕ್ಕಿ ತೋಟಕ್ಕೆ ಹೊರಟರೆಂದರೆ ಕೋಲಿನ ತುದಿಯಲ್ಲಿ ಉಪ್ಪು, ಹೊಗೆಸೊಪ್ಪುಗಳ ಗಂಟೊಂದು ಇದ್ದೇ ಇರುತ್ತಿತ್ತು. ಅದನ್ನು ಒತ್ತಿದೊಡನೆ ಇಂಬಳ ಸುರುಟಿ ಉದುರುವುದನ್ನು ಕಂಡು ನಾವು ಹುಡುಗರು ಚಪ್ಪಾಳೆ ತಟ್ಟುತ್ತಿದ್ದೆವು. ಅದಕ್ಕೆ ನೋವಾಗುವುದೆ ಎಂಬ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಇಂಬಳದ ನೀರಿನ ಬಂಧುವಾದ ಜಿಗಣೆ ವೈದ್ಯರಿಗೆ ಹಳೆಯ ಪರಿಚಯ. ಸುಶ್ರುತಸಂಹಿತೆ ಸವಿಷ ಆರು, ನಿರ್ವಿಷ ಆರು, ಹೀಗೆ 12 ಬಗೆಗಳನ್ನು ಎಣಿಸಿದೆ. ಯುರೋಪಿಗಂತೂ 19ನೆಯ ಶತಮಾನದಲ್ಲಿ ಜಿಗಣೆಯ ಹುಚ್ಚೇ ಹಿಡಿದು, 1833ರಲ್ಲಿ ಫ್ರಾನ್ಸ್ ದೇಶವೊಂದೇ 4 ಕೋಟಿಗೂ ಮಿಕ್ಕು ಜಿಗಣೆಗಳನ್ನು ತರಿಸಿಕೊಂಡಿತು. ಔಷಧದಂಗಡಿಯ ಜಾಡಿಯಿಂದ ಪ್ರಯೋಗಶಾಲೆಯ ಮೇಜಿಗೆ ದಾರಿ ದೂರವೇನಲ್ಲ.

1891ರಲ್ಲಿ ಸ್ವೀಡನ್ನಿನ ಗುಸ್ತಾಫ್ ರೆಟ್ಜಿಯಸ್ ಜಿಗಣೆಯ ನರಗಳಿಗೆ ನೀಲಿಬಣ್ಣ ಕುಡಿಸಿ ಅವುಗಳ ಚಿತ್ರ ಬರೆದನು. ಚಪ್ಪಟೆಹುಳುವಿನ ನರಹುರಿಗಳು ಅಡ್ಡಪಟ್ಟಿ ಬಡಿದ ಏಣಿಯಂತಿದ್ದರೆ, ಜಿಗಣೆಯದು ಜಪಮಾಲೆ. ತಲೆಬಾಲಗಳನ್ನು ಬಿಟ್ಟು ನಡುವೆ 21 ಗಂಟುಗಳು. ಗಂಟೊಂದರಲ್ಲಿ ಸುಮಾರು 400 ನರಕೋಶಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಜೋಡಿಗೆ ಇಂದಿಗೂ ರೆಟ್ಜಿಯಸನ ಹೆಸರೇ ಇದೆ.

ಈ ಬಡತನವೇ ಜಿಗಣೆಯ ಭಾಗ್ಯವಾಯಿತು. ನಮ್ಮ ಮೆದುಳಿನ ಕೋಟಿ ಕೋಟಿ ಕೋಶಗಳ ನಡುವೆ ಇಂದು ಕಂಡುದನ್ನು ನಾಳೆ ಮತ್ತೆ ಹುಡುಕುವುದೆಂತು? ಜಿಗಣೆಯಲ್ಲಾದರೋ ಅದೇ ಕೋಶ ಅದೇ ಜಾಗದಲ್ಲಿ, ಪ್ರತಿಯೊಂದು ಜಿಗಣೆಯಲ್ಲಿಯೂ, ಸೂಕ್ಷ್ಮದರ್ಶಕದ ಕೆಳಗೆ ಕಾದು ಕುಳಿತಿರುತ್ತದೆ. 1968ರಲ್ಲಿ ಜಾನ್ ನಿಕೋಲ್ಸ್ ಮತ್ತು ಡೆನಿಸ್ ಬೇಲರ್ ಇಂಥ ಕೋಶಗಳಿಗೆ ಕೂದಲಿಗಿಂತಲೂ ಸಣ್ಣ ಗಾಜಿನ ನಳಿಗೆ ಚುಚ್ಚಿ, ಅವುಗಳ ವಿದ್ಯುತ್ ಮಿಡಿತವನ್ನು ಅಳೆದು ವರದಿ ಬರೆದರು. ಗಂಟೊಂದರಲ್ಲಿ ಆರು ಕೋಶಗಳು ಹಗುರವಾದ ಸ್ಪರ್ಶಕ್ಕೆ ಮಿಡಿದವು. ನಾಲ್ಕು, ಒತ್ತಿದರೆ ಮಾತ್ರ. ಉಳಿದ ನಾಲ್ಕು, ಚರ್ಮವನ್ನು ಚಿವುಟಿ ಗಾಸಿಮಾಡುವವರೆಗೂ ಸುಮ್ಮನಿದ್ದವು.

ಆ ಕೊನೆಯ ನಾಲ್ಕನ್ನು ಓದಿದಂದು ನನಗೆ ಸೋದರಮಾವನವರ ಕೋಲು ನೆನಪಾಯಿತು. ಪ್ರಯೋಗ ನಡೆದದ್ದು ನೀರಿನ ಜಿಗಣೆಯ ಮೇಲೆ, ನಿಜ. ಇಂಬಳದ ಮೈಕಟ್ಟೂ ಅದೇ ಮಾದರಿಯದು. ಕೋಶ ಮಿಡಿಯುವುದೇ ಬೇರೆ, ಜೀವ ನರಳುವುದೇ ಬೇರೆ ಎಂದು ಪಂಡಿತರು ಎಚ್ಚರಿಸುತ್ತಾರೆ. ಒಪ್ಪಿದೆ.

ಕಳೆದ ಮಳೆಗಾಲ ಅಬ್ಬಿಯ ದಾರಿಯಲ್ಲಿ ಇಂಬಳವೊಂದು ಕಾಲಿಗೇರಿತು. ಉಪ್ಪಿನ ಪೊಟ್ಟಣ ಜೇಬಿನಲ್ಲಿಯೇ ಇತ್ತು. ಅದು ಕುಡಿದು ತಾನಾಗಿ ಉದುರುವವರೆಗೂ ನಿಂತೆ. ಜೊತೆಗೆ ಬಂದಿದ್ದವರು ಮಳೆಯಲ್ಲಿ ನೆನೆಯುತ್ತ ನನ್ನನ್ನು ಬೈದುಕೊಂಡರು.